ಕೋಡುಬಳೆಯ ಅಕ್ಷರ

ಇನ್ನಷ್ಟು ಹತ್ತಿರ ಬನ್ನಿ ಮಕ್ಕಳೇ, ಹಿಂದೆ ಕೂತವರಿಗೂ ಕೇಳಬೇಕು. ಹೊನ್ನಕುಪ್ಪೆ ಅಂತ ಒಂದು ರಾಜ್ಯ. ಅಲ್ಲಿ ಕೆಂಪರಾಯ ಅಂತ ಒಬ್ಬ ರಾಜ. ಅವನ ಊರಿನಲ್ಲಿ ಒಂದು ಶಾಲೆ. ಆ ಶಾಲೆಯ ಹೆಸರು ಸುತ್ತಲ ರಾಜ್ಯಗಳಿಗೆಲ್ಲ ಕೇಳಿಸಿತ್ತು. ಯಾಕೆ ಅಂತೀರಾ? ಅಲ್ಲಿನ ಗುರು ಸಾರಂಗಯ್ಯನ ಗಂಟಲು ಅಷ್ಟು ದೊಡ್ಡದು.

ಸಾರಂಗಯ್ಯ ಬೆಳಿಗ್ಗೆ ಬಂದು ಎತ್ತರದ ಮಣೆಯ ಮೇಲೆ ಕೂರುತ್ತಿದ್ದ. ಪಾಠ ಹೇಳುತ್ತಿದ್ದ, ಒಂದೇ ಸಲ. ಹಲಗೆಯ ಮೇಲೆ ಬರೆಯುತ್ತಿದ್ದ, ಒಂದೇ ಸಲ. ಆಮೇಲೆ ಕೈಕಟ್ಟಿ ಕೂತು ಒಪ್ಪಿಸಿ ಅನ್ನುತ್ತಿದ್ದ. ಒಪ್ಪಿಸಿದವನು ಜಾಣ, ಒಪ್ಪಿಸದವನು ದಡ್ಡ. ಮೂರನೆಯ ಮಾತು ಅವನ ಹತ್ತಿರ ಇರಲೇ ಇಲ್ಲ.

ಆ ಶಾಲೆಗೆ ಬೊಮ್ಮಿ ಅಂತ ಒಬ್ಬಳು ಹುಡುಗಿ ಬಂದಳು. ಅವಳಿಗೆ ಕಣ್ಣು ಕಾಣದು, ಹಲಗೆ ಎಲ್ಲಿ ಕಂಡೀತು? ಮೊದಲ ದಿನ ಅವಳನ್ನು ಹೊರಗೆ ಕಳಿಸಿದ. ಮರಿಯ ಅಂತ ಇನ್ನೊಬ್ಬ ಹುಡುಗ, ಅವನಿಗೆ ಕಿವಿ ಕೇಳದು. ಎರಡನೆಯ ದಿನ ಅವನನ್ನು ಕಳಿಸಿದ. ಜವರ ಅಂತ ಮತ್ತೊಬ್ಬ, ಅವನಿಗೆ ಕಣ್ಣೂ ಚೆನ್ನ, ಕಿವಿಯೂ ಚೆನ್ನ, ಆದರೆ ಕೂತ ಕಡೆ ಕೂರುವ ಪ್ರಾಣಿ ಅದಲ್ಲ. ಮೂರನೆಯ ದಿನ ಅವನೂ ಹೊರಗೆ. ಮೂವರೂ ಹೋಗಿ ಶಾಲೆಯ ಅಡುಗೆಮನೆಯ ಕಟ್ಟೆಯ ಮೇಲೆ ಕೂತರು.

ಅಡುಗೆಯ ದೇವೀರಮ್ಮ ಇಪ್ಪತ್ತು ವರ್ಷದಿಂದ ಗೋಡೆಯ ಆಚೆಯ ಪಾಠ ಕೇಳಿದವಳು. ರೊಟ್ಟಿ ತಟ್ಟಿ ಉಳಿದ ಹಿಟ್ಟಿನಲ್ಲಿ ಬೆರಳಾಡಿಸಿ ಅಕ್ಷರ ಕಲಿತವಳು. ಅದು ಯಾರಿಗೂ ಗೊತ್ತಿರಲಿಲ್ಲ.

“ಅಕ್ಕಾ, ನಂಗೂ ಓದೋದು ಕಲೀಬೇಕು” ಅಂದಳು ಬೊಮ್ಮಿ.

ದೇವೀರಮ್ಮ ಸೆರಗಿಗೆ ಕೈ ಒರೆಸಿಕೊಂಡು ನೆಟ್ಟಗೆ ಸಾರಂಗಯ್ಯನ ಹತ್ತಿರ ಹೋದಳು.

“ಅಯ್ನೋರೆ, ಆ ಮಕ್ಕಳಿಗೂ ಹತ್ತೋ ಹಾಗೆ ಪಾಠ ಸ್ವಲ್ಪ ತಿದ್ದಬಾರದಾ?”

“ಗುರುವಾದೋನು ಮಕ್ಕಳನ್ನ ತಿದ್ದಬೇಕು ಕಣಮ್ಮ. ಪಾಠ ತಿದ್ದು ಅನ್ನೋಕೆ ನೀನ್ಯಾರು?”

“ಅಡುಗೆಯೋಳು, ಇನ್ಯಾರು. ಉಣ್ಣೋಕೆ ಯಾರ್ಯಾರು ಬರ್ತಾರೆ ಅಂತ ನೋಡ್ಕೊಂಡೇ ನಾನು ಒಲೆ ಹಚ್ಚೋದು. ಹಲ್ಲಿಲ್ಲದೋರು ಇದ್ರೆ ಅನ್ನ ಮೆತ್ತಗೆ ಮಾಡ್ತೀನಿ. ಬೇಕಾದೋರು ಕಲಸ್ಕೊಳ್ಳಲಿ ಅಂತ ಉಪ್ಪು ಎಲೆ ತುದಿಗೆ ಬಡಿಸ್ತೀನಿ. ಉಣ್ಣೋಕಾಗಲ್ವಾ, ಎದ್ದೋಗು ಅಂತ ಯಾರನ್ನೂ ಎಬ್ಬಿಸಿಲ್ಲ ಅಯ್ನೋರೆ.”

ಸಾರಂಗಯ್ಯನಿಗೆ ಮೈಯೆಲ್ಲ ಉರಿದುಹೋಯಿತು. ಮೂವರ ಹೆಸರನ್ನೂ ಶಾಲೆಯ ಓಲೆಯಿಂದ ಅಳಿಸಬೇಕು ಅಂತ ಅರಮನೆಗೆ ಓಡಿದ. ದೇವೀರಮ್ಮನೂ ಹಿಂದೆಯೇ ಹೋದಳು. ರಾಜ ಇಬ್ಬರ ಮಾತನ್ನೂ ಕೇಳಿ ಹೇಳಿದ: “ಒಂದು ತಿಂಗಳು ಇಡೀ ಶಾಲೆ ದೇವೀರಮ್ಮನ ಕೈಯಲ್ಲಿರಲಿ. ಆಮೇಲೆ ಪರೀಕ್ಷೆ. ಈ ಮೂವರಲ್ಲಿ ಒಬ್ಬರು ಸೋತರೂ ಮೂವರ ಹೆಸರೂ ಅಳಿಸುತ್ತೇವೆ. ಮತ್ತೆ ಯಾವತ್ತೂ ಬರೆಯುವ ಹಾಗಿಲ್ಲ.”

ಸೌಟು ಹಿಡಿಯುವವಳು ಶಾಲೆ ನಡೆಸಿದ ಹಾಗೇ ಅಂತ ಸಾರಂಗಯ್ಯ ಮೀಸೆಯಲ್ಲೇ ನಕ್ಕ.

ಮಾರನೆಯ ದಿನ ದೇವೀರಮ್ಮ ಅಕ್ಕಿ ಹಿಟ್ಟು ಕಲಸಿದಳು. ಕೋಡುಬಳೆ ಹೊಸೆದ ಹಾಗೆ ಅಕ್ಷರ ಹೊಸೆದಳು. ನಮ್ಮ ಅಕ್ಷರಗಳೂ ಗುಂಡು ಗುಂಡು, ಕೋಡುಬಳೆಗೆ ಹೇಳಿ ಮಾಡಿಸಿದವು. ನೋಡುವವರು ನೋಡಿದರು. ಬೊಮ್ಮಿ ಮುಟ್ಟಿ ತಿಳಿದಳು. ದೇವೀರಮ್ಮ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಆಳುದ್ದ ಅಕ್ಷರ ಬರೆದಳು. ಜವರ ಅದರ ಮೇಲೆ ಹೆಜ್ಜೆಯಿಟ್ಟು ಓಡಿ ಓಡಿ ತಿದ್ದಿದ. ಮಗ್ಗಿಗೆ ಹುಣಸೆ ಬೀಜ ಗುಂಪು ಮಾಡಿದಳು. ಅದಕ್ಕೆ ಕಿವಿ ಯಾಕೆ ಬೇಕು? ಮರಿಯ ಎಲ್ಲರಿಗಿಂತ ಮೊದಲು ಬೆರಳೆತ್ತಿದ.

ಇದು ಮೂವರಿಗಾಗಿ ಬೇರೆ ಮಾಡಿದ ಪಾಠ ಅಂದುಕೊಂಡಿರಾ? ಅಲ್ಲ. ಇಡೀ ಶಾಲೆಗೆ ಇದೇ ಪಾಠ. ಹಾಡಿ ಕಲಿಯುವವರು ಹಾಡಿದರು, ಹೊಸೆದು ಕಲಿಯುವವರು ಹೊಸೆದರು. ಸಾರಂಗಯ್ಯನ ಹತ್ತಿರ ಅಕ್ಷರಮಾಲೆಯನ್ನು ಉಸಿರು ಬಿಡದೆ ಒಪ್ಪಿಸುತ್ತಿದ್ದ ಚೆಲುವಯ್ಯನಿಗೆ ‘ದ’ ಯಾವುದು, ‘ಧ’ ಯಾವುದು ಅಂತ ಗೊತ್ತೇ ಇರಲಿಲ್ಲ! ಹಿಟ್ಟಿನ ‘ದ’ದ ಬುಡ ಸೀಳಿದಾಗ ಅವನಿಗೆ ಗೊತ್ತಾಯಿತು. ಜಾಣರೂ ಕಲಿತರು ಅಂದರೆ ನೋಡಿ.

ತಿಂಗಳು ಮುಗಿಯಿತು. ಊರಿಗೆ ಊರೇ ಅರಮನೆಯಲ್ಲಿ ಸೇರಿತು. ಸಾರಂಗಯ್ಯನೇ ಪರೀಕ್ಷಕ.

ಮರಿಯನ ಮುಂದೆ ಏಳೆಂಟಲೆ ಎಷ್ಟು ಅಂತ ಬರೆದು ಹಿಡಿದ. ಮರಿಯ ಮರಳಿನ ಮೇಲೆ ಐವತ್ತಾರು ಬರೆದು ತೋರಿಸಿದ. ಜವರನಿಗೆ ಒಂದು ಓಲೆ ಕೊಟ್ಟ. ಜವರ ಅತ್ತಿಂದಿತ್ತ ತಿರುಗಾಡುತ್ತಲೇ ಒಂದಕ್ಷರ ತಪ್ಪದೆ ಓದಿ ಮುಗಿಸಿದ. ಉಳಿದವಳು ಬೊಮ್ಮಿ.

ಆಗ ಸಾರಂಗಯ್ಯ ಒಂದು ಕುತಂತ್ರ ಮಾಡಿದ. ಭಂಡಾರದಲ್ಲಿ ರಾಜನ ತಾತನ ಕಾಲದ ಒಂದು ಹಳೆಯ ತಾಮ್ರದ ಪಟ ಇತ್ತು, ಕಿಲುಬು ಹಿಡಿದು ಕಪ್ಪಾಗಿತ್ತು. ಅವನೂ ಅದನ್ನು ಓದಲಾಗದೆ ಎಂದೋ ಕೈಬಿಟ್ಟಿದ್ದ. ಅದನ್ನೇ ತರಿಸಿ ಬೊಮ್ಮಿಯ ತೊಡೆಯ ಮೇಲಿಟ್ಟ.

“ಓದಮ್ಮ, ನೋಡೋಣ.”

ಬೊಮ್ಮಿ ಬೆರಳಿಟ್ಟಳು. ತಾಮ್ರದಲ್ಲಿ ಕೊರೆದ ಅಕ್ಷರಗಳು, ಕಪ್ಪಾದರೇನು, ಗುಂಡಿ ಗುಂಡಿಯಾಗಿ ಹಾಗೇ ಇದ್ದವು. ನಿಧಾನಕ್ಕೆ ಓದಿದಳು: “ಹೊನ್ನಕುಪ್ಪೆಯ ರಾಜನಾದ ನಾನು... ಈ ಶಾಲೆಗೆ ಕೊಟ್ಟ ಗದ್ದೆ... ಊರಿನ ಎಲ್ಲ ಮಕ್ಕಳ ಓದಿಗೆ. ಒಂದೇ ಒಂದು ಮಗುವನ್ನು ಹೊರಗೆ ಹಾಕಿದರೂ ಆ ಗುರುವಿಗೆ... ಅದರ ಒಂದು ಕಾಳೂ ಸಲ್ಲದು.”

ಸಭೆಗೆ ಸಭೆಯೇ ಪಟದ ಕಡೆ ಕತ್ತು ಚಾಚಿತು.

“ಸುಳ್ಳು” ಅಂದ ಸಾರಂಗಯ್ಯ. “ಅಡುಗೆಯವಳು ಹೇಳಿಕೊಟ್ಟದ್ದು.”

“ಹಾಗಾದರೆ ನೀವೇ ಓದಿ ಗುರುಗಳೇ” ಅಂದ ರಾಜ.

ಸಾರಂಗಯ್ಯ ಪಟವನ್ನು ಹತ್ತಿರ ಹಿಡಿದ. ದೂರ ಹಿಡಿದ. ಬಿಸಿಲಿಗೆ ಹಿಡಿದ. “ನನ್ನ ಕಣ್ಣಿಗೆ ಕಾಣಿಸ್ತಿಲ್ಲ ಮಹಾರಾಜರೇ” ಅಂದ.

ದೇವೀರಮ್ಮ ಮುಂದೆ ಬಂದಳು. ಮಡಿಲಲ್ಲಿದ್ದ ಹಿಟ್ಟನ್ನು ಪಟದ ಮೇಲೆ ಉದುರಿಸಿ ಅಂಗೈಯಿಂದ ಒರೆಸಿದಳು. ಕೊರೆದ ಗೆರೆಗಳಲ್ಲಿ ಹಿಟ್ಟು ನಿಂತು ಕಪ್ಪು ತಾಮ್ರದ ಮೇಲೆ ಬೆಳ್ಳಗೆ ಅಕ್ಷರಗಳು ಎದ್ದವು. ಶಾಲೆಯ ಅಷ್ಟೂ ಮಕ್ಕಳು ಒಟ್ಟಿಗೆ ಓದಿದರು. ಬೊಮ್ಮಿ ಓದಿದ್ದಕ್ಕೂ ಅದಕ್ಕೂ ಒಂದು ಕೊಂಬಿನ ವ್ಯತ್ಯಾಸವೂ ಇರಲಿಲ್ಲ. ಬೊಮ್ಮಿಯ ಅಪ್ಪ ಜನರ ನಡುವೆ ನಿಂತವನು ಎದೆಯುಬ್ಬಿಸಿ “ನಮ್ಮ ಬೊಮ್ಮಿ, ನಮ್ಮ ಬೊಮ್ಮಿ” ಅಂತ ಅಕ್ಕಪಕ್ಕದವರಿಗೆಲ್ಲ ಹೇಳಿದ. ಹೇಳಲಿ ಬಿಡಿ, ಹೇಳಬೇಕಾದ ಮಾತೇ.

ರಾಜ ಸಿಂಹಾಸನದಿಂದ ಎದ್ದ. ಮೂವರ ಹೆಸರನ್ನೂ ಓಲೆಯ ಮೊದಲ ಸಾಲಿನಲ್ಲಿ ತಾನೇ ಬರೆದ. ದೇವೀರಮ್ಮನನ್ನು ಶಾಲೆಯ ಗುರು ಮಾಡಿದ. ಸಾರಂಗಯ್ಯನ ಕಡೆ ತಿರುಗಿ, “ಈ ಕ್ಷಣ ಊರು ಬಿಟ್ಟು ಹೋಗಿ” ಅಂದ.

“ಬೇಡ ಬುದ್ಧಿ” ಅಂದಳು ದೇವೀರಮ್ಮ. “ನನ್ನ ಶಾಲೆಯಿಂದ ಯಾರನ್ನೂ ಹೊರಗೆ ಹಾಕಲ್ಲ. ಅಯ್ನೋರಿಗೆ ಕಣ್ಣಲ್ಲಿ ಆಗದಿದ್ರೆ ಬೆರಳಲ್ಲಿ ಕಲೀತಾರೆ. ಬೊಮ್ಮಿ ಪಕ್ಕ ಕೂರಿಸಿ, ಅವಳು ಹೇಳಿಕೊಡ್ತಾಳೆ.”

ಬೊಮ್ಮಿ ಸರಿದು ಜಾಗ ಬಿಟ್ಟಳು. ಸಾರಂಗಯ್ಯ ಪಂಚೆ ಮುದುರಿಕೊಂಡು ನೆಲದ ಮೇಲೆ ಕೂತ.

ಇದರಿಂದ ತಿಳಿಯಬೇಕಾದ್ದು ಇಷ್ಟೇ ಮಕ್ಕಳೇ: ಕಲಿಯಲಾಗದ ಮಗು ಇಲ್ಲ. ಯಾರಾದರೂ ಕಲಿಯದೆ ಉಳಿದರೆ, ತಿದ್ದಬೇಕಾದ್ದು ಪಾಠವನ್ನು.