ಬೋಗುಣಿ ತೆರೆದಿರುವಾಗ ಬೈಯಬಾರದು

ತಾಯೀ ಶಾರದೆ, ಎಲ್ಲ ಮಕ್ಕಳ ನಾಲಿಗೆ ಮೇಲೂ ಕೂತಿರೋಳು ನೀನು, ನಿನ್ನ ಪಾದಕ್ಕೆ ಶರಣು. ಮಾತು ತಪ್ಪಿದರೆ ತಿದ್ದು, ಕೋಪ ಮೀರಿದರೆ ಕ್ಷಮಿಸು. ಬಾ ಪುಟ್ಟಿ, ಕಾಲು ಮಡಚಿ ಮಲಕ್ಕೋ, ಹೂಂ ಅಂತಿರು.

ಒಂದಾನೊಂದು ಕಾಲದಲ್ಲಿ, ಏಳು ಕಡಲಿನ ಆಚೆ, ಹವಾಯಿ ಅನ್ನೋ ದ್ವೀಪದಲ್ಲಿ, ಬೆಂಕಿ ಉಗುಳೋ ಬೆಟ್ಟದ ಬುಡದಲ್ಲಿ ಒಬ್ಬಳು ಅಜ್ಜಿ ಇದ್ದಳಂತೆ. ಆ ಕಡೆ ಅಜ್ಜಿಗೆ ಟೂಟೂ ಅಂತಾರಂತೆ. ಅವಳಿಗೆ ಕಲಾನಿ ಅಂತ ಒಬ್ಬನೇ ಮಗ, ಸೊಸೆ ತೀರಿಕೊಂಡಿದ್ದಳು, ಮೂರು ಮೊಮ್ಮಕ್ಕಳು: ಕೆಕೋವಾ, ಪುವಾ, ಕಿರಿಯವಳು ನೋಯೆ. ಅವರ ಊಟ ಕೆಸುವಿನ ಗಡ್ಡೆಯಂತೆ. ಹೂಂ ಕಣೇ, ನಾವು ಪತ್ರೊಡೆ ಮಾಡ್ತೀವಲ್ಲ, ಅದೇ ಕೆಸು. ಗಡ್ಡೆ ಬೇಯಿಸಿ, ಜಜ್ಜಿ, ನೀರು ಹಾಕಿ ಮರದ ಬೋಗುಣಿಯಲ್ಲಿ ಅಂಬಲಿ ಹಾಗೆ ಕಲಸಿ, ಎಲ್ಲರೂ ಸುತ್ತ ಕೂತು ಬೆರಳಲ್ಲಿ ಅದ್ದಿ ತಿನ್ನೋದಂತೆ. ದೇವರಿಗೆ ಮೊದಲು ಹುಟ್ಟಿದ ಕೂಸು ಉಸಿರಿಲ್ಲದೆ ಹುಟ್ಟಿ, ಹೂತ ಜಾಗದಲ್ಲಿ ಕೆಸು ಚಿಗುರಿತಂತೆ, ಆಮೇಲೆ ಹುಟ್ಟಿದವನೇ ಮನುಷ್ಯನಂತೆ. ಹಾಗಾಗಿ ಕೆಸು ಅವರಿಗೆ ಅಣ್ಣ. ಬೋಗುಣಿ ಮುಚ್ಚಳ ತೆಗೆದರೆ ಅಣ್ಣ ಬಂದು ಕೂತ ಹಾಗೆ, ಮುಚ್ಚೋ ತನಕ ಯಾರೂ ಬೈಯಬಾರದು, ಜಗಳ ಕಾಯಬಾರದು ಅಂತ ಕಟ್ಟಳೆ.

ಆಮೇಲೆ ಹಡಗು ಹತ್ತಿ ಬಿಳಿ ದೊರೆಗಳು ಬಂದು, ಕಬ್ಬು ನೆಟ್ಟು, ಆ ದ್ವೀಪದ ರಾಣಿಯನ್ನ ಗದ್ದುಗೆಯಿಂದ ಇಳಿಸಿ, ಇಸ್ಕೂಲಲ್ಲಿ ಇನ್ನು ನಮ್ಮ ಮಾತೇ, ನಿಮ್ಮದು ಕಾಡುಮಾತು ಅಂದರಂತೆ. ಕೇಳು ಅನ್ಯಾಯಾನ. ಭಗವಂತ ಬಾಯಲ್ಲಿಟ್ಟಿದ್ದನ್ನ ಕಿತ್ತುಕೊಳ್ಳೋಕೆ ಇವರ್ಯಾರು?

ದೊಡ್ಡವನು ಕೆಕೋವಾ ತನ್ನ ಮಾತಲ್ಲಿ ನೀರು ಕೇಳಿದ್ದಕ್ಕೆ ಅಂಗೈ ಮೇಲೆ ಬೆತ್ತ ಬಿತ್ತಂತೆ. ನೀರು ಕೇಳಿದ್ದಕ್ಕೆ, ಪುಟ್ಟಿ. ನಡುವಿನವಳು ಪುವಾ ಜಾಣೆ, ಬೆತ್ತಕ್ಕೆ ಮೊದಲೇ ನಾಚಿಕೆ ಕಲಿತಳು, ಗೆಳತಿಯರ ಎದುರು ಅಜ್ಜಿ ಊಟಕ್ಕೆ ಕರೆದರೆ ನೀನು ಸುಮ್ಮನಿರು ಟೂಟೂ, ನನ್ನ ಮಾನ ಹೋಗುತ್ತೆ ಅಂತಿದ್ದಳಂತೆ. ನೋಯೆಗೆ ಮಾತ್ರ ಆ ಮಾತಿಗೂ ಹೆದರಿಕೆ, ಈ ಮಾತಿಗೂ ಹೆದರಿಕೆ. ಗುಬ್ಬಿ ಹಾಗೆ ಚಿಲಿಪಿಲಿ ಅಂತಿದ್ದ ಕೂಸು ಬಾಯೇ ಮುಚ್ಚಿಬಿಟ್ಟಿತು.

ಅಪ್ಪ ಕಲಾನಿಗೂ ದಿಗಿಲು. ದೊರೆಗಳ ಮಾತು ಸರಿಯಾಗಿ ಬಾರದೆ ಸಕ್ಕರೆ ಮಿಲ್ಲಲ್ಲಿ ದಿನಾ ದಡ್ಡ ಅನ್ನಿಸಿಕೊಂಡು ಬರೋನು. ಅಮ್ಮಾ, ನಿನ್ನ ಮಾತು ಮಕ್ಕಳ ಮುಂದೆ ಬೇಡ ಅಂದನಂತೆ. ಅವಳಿಗೆ ಬೇರೆ ಮಾತು ಬಂದರಲ್ಲವಾ? ಅವಳು ಅಂದಳಂತೆ, ಆಗಲಪ್ಪ, ಆದರೆ ಬೋಗುಣಿ ಮುಂದೆ ಏನು ಮಾಡಲಿ, ನಮ್ಮ ಕೆಸುವಣ್ಣ ಇಸ್ಕೂಲಿಗೆ ಹೋದವನಲ್ಲವಲ್ಲ. ಮಗನಿಗೆ ನಗು ಬಂದು, ಊಟದ ಹೊತ್ತಲ್ಲಿ ಮಾತ್ರ ಅಂತ ಒಪ್ಪಿದನಂತೆ.

ಅವತ್ತಿಂದ ಟೂಟೂ ಊಟ ಮುಗಿಸೋಳೇ ಅಲ್ಲ. ಒಂದು ಬೆರಳು ಅದ್ದೋದು, ಒಂದು ಕತೆ ಹೇಳೋದು. ತಾನು ಚಿಕ್ಕವಳಿದ್ದಾಗ ಬಂಡೆ ಸಂದಿಯಲ್ಲಿ ಎಂಟು ಕಾಲಿನ ಅಷ್ಟಪಾದಿ ಹಿಡಿಯೋಕೆ ಹೋಗಿ ಅದೇ ತನ್ನನ್ನ ಹಿಡಿದದ್ದು, ಬೆಟ್ಟದ ಗಾಳಿಗೊಂದು ಹೆಸರು, ಕಡಲಿನ ಗಾಳಿಗೊಂದು ಹೆಸರು, ಎಲ್ಲ. ಕೇಳ್ತಾ ಕೇಳ್ತಾ ನೋಯೆ ಒಂದು ಸಂಜೆ ಮೆಲ್ಲಗೆ, ಆಮೇಲೆ ಏನಾಯ್ತು ಟೂಟೂ ಅಂತ ಅವಳ ಮಾತಲ್ಲೇ ಕೇಳಿದಳಂತೆ. ಅಜ್ಜಿಗೆ ಕಣ್ಣು ತುಂಬಿ ಬಂತು.

ಆದರೆ ಬಾಯಿ ಬಂದ ಮಗು ಇಸ್ಕೂಲಲ್ಲೂ ಅಜ್ಜಿ ಮಾತಲ್ಲೇ ಗಾಳಿಯ ಹೆಸರು ಹೇಳಿಬಿಟ್ಟಿತು. ಅವತ್ತು ಸಂಜೆ ದೊಡ್ಡ ಮೇಷ್ಟ್ರು ಬೆತ್ತ ಹಿಡಿದು ಮನೆಗೇ ಬಂದರಂತೆ. ಬೋಗುಣಿ ತೆರೆದಿತ್ತು. ನಿಂತಲ್ಲೇ ಬೈಗುಳ: ಈ ಮುದುಕಿ ಮಗೂನ ಹಾಳು ಮಾಡ್ತಿದಾಳೆ, ನಾಳೆಯೇ ಇದನ್ನ ಬೇರೆ ದ್ವೀಪದ ಹಾಸ್ಟೆಲಿಗೆ ಕಳಿಸ್ತೀನಿ. ಟೂಟೂಗೆ ಒಂದಕ್ಷರ ತಿಳಿಯಲಿಲ್ಲ. ಹಸಿದು ಬಂದಿದಾನೆ ಪಾಪ ಅಂತ ಬೋಗುಣಿಯನ್ನ ಅವರ ಕಡೆ ಸರಿಸಿದಳಂತೆ. ಅವರು ಅದನ್ನ ಬೆತ್ತದ ತುದಿಯಿಂದ ತಳ್ಳಿದರಂತೆ. ಅನ್ನವನ್ನ, ಬೆತ್ತದಲ್ಲಿ.

ಆಗ ಕಲಾನಿ ಎದ್ದ. ಬೋಗುಣಿ ತೆರೆದಿದೆಯಲ್ಲ, ದನಿ ಏರಿಸಲಿಲ್ಲ. ಹೊರಗಿನವರ ಎದುರು ಅಪ್ಪನ ಬಾಯಲ್ಲಿ ಮಕ್ಕಳು ಅದುವರೆಗೂ ಕೇಳದ ಅವನ ತಾಯಿಮಾತಲ್ಲಿ ಅಂದನಂತೆ:

"ಅಣ್ಣ ಕೂತಿದಾನೆ, ಇಲ್ಲಿ ಬೈಯಬಾರದು. ನಮ್ಮಮ್ಮನ್ನ ಬೈಯೋದಾದರೆ ಅಂಗಳಕ್ಕೆ ನಡೀರಿ. ಮುಚ್ಚಳ ಮುಚ್ಚಿ ಬರ್ತೀನಿ."

ಏನಂದ ಇವನು ಅಂತ ಮೇಷ್ಟ್ರು ಕೇಳಿದರೆ, ಮೂಕಿ ಅನ್ನಿಸಿಕೊಂಡಿದ್ದ ನೋಯೆ ಎದ್ದು ನಿಂತು, ದೊರೆಗಳ ಮಾತಲ್ಲೇ ಒಂದೂ ಬಿಡದೆ ಹೇಳಿದಳಂತೆ, ಮುಚ್ಚಳದ ಮಾತೂ ಸೇರಿಸಿ. ಮೇಷ್ಟ್ರು ಮಿಲ್ಲಲ್ಲಿ ದುಡಿದ ಆ ತೋಳು ನೋಡಿದರು, ಬಾಗಿಲು ನೋಡಿದರು, ಹೊರಟರು. ಮಾರನೇ ದಿನ ತಾಯಿಮಾತಾಡೋ ಬೇರೆ ಮಕ್ಕಳ ಮನೆಗಳಿಗೆ ಬೈಯೋಕೆ ಹೋದರೆ ಅಲ್ಲೂ ಬೋಗುಣಿ ತೆರೆದೇ ಇತ್ತಂತೆ. ಸುದ್ದಿ ಹಬ್ಬಿತ್ತಲ್ಲ. ಎಷ್ಟು ಮಕ್ಕಳನ್ನ ಅಂತ ಹಾಸ್ಟೆಲಿಗೆ ಕಳಿಸ್ತಾರೆ? ನೋಯೆ ಮನೆಯಲ್ಲೇ ಉಳಿದಳು.

ಆಮೇಲೆ ಕಲಾನಿ ಊಟದ ಹೊತ್ತಿನ ಕರಾರು ಬಿಟ್ಟ, ಮನೆ ತುಂಬ ತಾಯಿಮಾತೇ ಆಯಿತು. ಒಂದು ದಿನ ಮೂರೂ ಮಕ್ಕಳು ಅಂಗಳದಲ್ಲಿ ಒಂದು ಮೀನಿಗೋಸ್ಕರ ಟೂಟೂನ ಮಾತಲ್ಲೇ ಬೈದಾಡ್ತಿದ್ದರಂತೆ, ನಾಚಿಕೆಯ ಪುವಾನೇ ಎಲ್ಲರಿಗಿಂತ ಜೋರು. ಕಲಾನಿ ಬಿಡಿಸೋಕೆ ಹೋದರೆ ಟೂಟೂ ಅವನ ಕೈ ಹಿಡಿದು ಕೂರಿಸಿ, ತಡಿಯೋ, ಎಷ್ಟು ಚೆನ್ನಾಗಿ ಬೈತಿದಾರೆ, ಇನ್ನೊಂದು ಚೂರು ಕೇಳ್ತೀನಿ ಅಂದಳಂತೆ.

ಅವರು ಅಲ್ಲಿ ಸುಖವಾಗಿದ್ದರು, ಇಲ್ಲಿಗೆ ನನ್ನ ಕತೆ ಮುಗೀತು. ಕೇಳಿದ ನಿನಗೂ, ಕೇಳಿದ ಎಲ್ಲರಿಗೂ ಆ ತಾಯಿ ಒಳ್ಳೇದು ಮಾಡಲಿ. ಯಾರ ಮನೆ ಮಾತೂ ಆರದೆ ಇರಲಿ, ಮಲಕ್ಕೋ ಕಂದ.