ಹೊನ್ನೂರಮ್ಮನ ಹೆಸರಿನ ಸಂಜೆ

ಬನ್ನಿ, ಹತ್ತಿರ ಬನ್ನಿ. ಚಾಪೆ ಸಾಲದಿದ್ದರೆ ನನ್ನ ಸೆರಗಿನ ಮೇಲೆ ಕೂತ್ಕೊಳ್ಳಿ. ಕೈಯಲ್ಲಿರೋ ತಿಂಡಿ ತಿಂದು ಮುಗಿಸಿ, ಬಾಯಿ ಒರೆಸಿಕೊಂಡು ಕಿವಿ ಇತ್ತ ಕೊಡಿ. ನಡುವೆ ಎದ್ದು ಹೋದವರಿಗೆ ಕಥೆಯ ಕೊನೆ ಸಿಗೋದಿಲ್ಲ, ಆಮೇಲೆ ನನ್ನ ಪೀಡಿಸಬೇಡಿ.

ಬಟ್ಟಗಲ್ಲು ಅಂತ ಒಂದು ಗುಡ್ಡ. ಮರವಿಲ್ಲ, ನೀರಿಲ್ಲ, ಬರೀ ಬಂಡೆ. ಆ ಗುಡ್ಡದ ನೆತ್ತಿಯ ಮೇಲೆ ಬೋರಲು ಹಾಕಿದ ಬಾಣಲೆಯ ಹಾಗೆ ಒಂದು ಕಟ್ಟಡ. ಒಳಗೆ ಆಳೆತ್ತರದ ದುರ್ಬೀನು. ಸುತ್ತಲ ಹಳ್ಳಿಯವರು ಅದಕ್ಕೆ ಚುಕ್ಕಿಮನೆ ಅಂತ ಹೆಸರಿಟ್ಟಿದ್ದರು.

ಅದನ್ನು ಕಟ್ಟಿಸಿದ್ದು ರಾಜನೂ ಅಲ್ಲ, ಸರ್ಕಾರವೂ ಅಲ್ಲ. ಓಬಯ್ಯ ಅಂತ ಒಬ್ಬ ಲೆಕ್ಕದ ಮೇಷ್ಟ್ರು. ತಮ್ಮ ಪಿಂಚಣಿ ದುಡ್ಡು ಸುರಿದರು, ಸಾಲದ್ದಕ್ಕೆ ಶಿಷ್ಯರ ಮನೆಮನೆಗೆ ಹೋಗಿ ಕೇಳಿದರು. ಒಬ್ಬ ಸಿಮೆಂಟು ಕೊಟ್ಟ, ಒಬ್ಬ ಕಬ್ಬಿಣ ಕೊಟ್ಟ, ಏನೂ ಇಲ್ಲದವನು ಹದಿನೈದು ದಿನ ಮಣ್ಣು ಹೊತ್ತ. ಹಾಗಾಗಿ ಅದು ಯಾರ ಸ್ವಂತದ್ದೂ ಆಗಲಿಲ್ಲ, ಎಲ್ಲರದ್ದೂ ಆಯಿತು. ನಡೆಸಿಕೊಂಡು ಹೋಗಲು ಒಂದು ಟ್ರಸ್ಟು ಮಾಡಿದರು. ಅಲ್ಲಿ ಲಾಭ ಅನ್ನೋ ಮಾತಿಲ್ಲ. ಬಂದದ್ದೆಲ್ಲ ಚುಕ್ಕಿಮನೆಗೇ.

ಮೇಷ್ಟ್ರು ಒಂದು ಕಟ್ಟಳೆ ಇಟ್ಟಿದ್ದರು. ತಿಂಗಳಲ್ಲಿ ಕತ್ತಲ ಹದಿನೈದು ದಿನ ಶೋಧನೆಗೆ, ಬೆಳದಿಂಗಳ ಹದಿನೈದು ದಿನ ಜನಕ್ಕೆ. ಯಾಕೆ ಅಂದರೆ ಚಂದ್ರ ಇದ್ದಾಗ ಸಣ್ಣ ಚುಕ್ಕಿಗಳೆಲ್ಲ ಬೆಳಕಿನಲ್ಲಿ ಮುಳುಗಿಹೋಗುತ್ತವೆ, ಓದಿದವರಿಗೆ ಕೆಲಸವಿಲ್ಲ. ಆಗ ಊರವರು ಬಂದು ಚಂದ್ರನನ್ನೂ ಶನಿಯ ಬಳೆಯನ್ನೂ ನೋಡಲಿ. ಟಿಕೆಟ್ಟಿಲ್ಲ. ಆದರೆ ಬರಿಗೈಲಿ ಬರುವಂತಿಲ್ಲ, ಗುಡ್ಡದ ಬುಡದ ಬೋರ್‌ವೆಲ್ಲಿಂದ ಒಂದು ಕೊಡ ನೀರು ಹೊತ್ತು ತಂದು ಮೇಲಿನ ತೊಟ್ಟಿಗೆ ಸುರಿಯಬೇಕು. ಮನಸ್ಸಿದ್ದರೆ ಬಾಗಿಲಲ್ಲಿಟ್ಟ ಡಬ್ಬಿಗೆ ಏನಾದರೂ ಹಾಕಬಹುದು. ಹಾಕದಿದ್ದರೂ ಯಾರೂ ಕೇಳೋದಿಲ್ಲ.

ಮೇಷ್ಟ್ರು ತೀರಿಕೊಂಡ ಮೇಲೆ ಚುಕ್ಕಿಮನೆ ಅವರ ಕಡೇ ಶಿಷ್ಯೆ ವಾರಿಜಳ ಕೈಗೆ ಬಂತು. ವಾರಿಜ ಬಹಳ ಓದಿದವಳು, ಆದರೆ ಗರ್ವವಿಲ್ಲದ ಹೆಣ್ಣುಮಗಳು. ಅವಳಿಗೆ ಮೇಷ್ಟ್ರು ಬಿಟ್ಟುಹೋದದ್ದು ಒಂದು ಹಳೇ ನೋಟ್‌ಬುಕ್ಕು. ಅದರಲ್ಲಿ ಒಂದೇ ಒಂದು ನಕ್ಷತ್ರದ ವಿಚಾರ. ಹನ್ನೊಂದು ವರ್ಷಕ್ಕೊಮ್ಮೆ ಅದು ಹನ್ನೆರಡು ದಿನ ಮಂಕಾಗುತ್ತೆ, ಮತ್ತೆ ಬೆಳಗುತ್ತೆ. ಅದಕ್ಕೆ ಅಡ್ಡ ಬರೋದು ಏನು ಅಂತ ಯಾರಿಗೂ ಗೊತ್ತಿಲ್ಲ. ಹೋದ ಸಲ ಮಂಕಾದಾಗ ಮೇಷ್ಟ್ರು ಕಾದು ಕೂತಿದ್ದರು, ಹನ್ನೆರಡು ದಿನವೂ ಮೋಡ. ಕೊನೆಯ ಹಾಳೆಯಲ್ಲಿ ಬರೆದಿದ್ದರು: "ನನಗೆ ಮೋಡ ಬಂತು ವಾರಿಜಾ. ನೀನು ನೋಡು."

ಈಗ ಹನ್ನೊಂದು ವರ್ಷ ತುಂಬುತ್ತಾ ಬಂದಿತ್ತು. ಮಾಘದ ಅಮಾವಾಸ್ಯೆಯ ಹೊತ್ತಿಗೆ ಆ ನಕ್ಷತ್ರ ಮಂಕಾಗಬೇಕು. ಆದರೆ ಅದಕ್ಕೆ ಮೊದಲೇ ದುರ್ಬೀನೇ ಮಂಕಾಗಿ ಕೂತಿತ್ತು. ಒಳಗಿನ ದೊಡ್ಡ ಕನ್ನಡಿಯ ಹೊಳಪು ಹೋಗಿತ್ತು. ಹಿತ್ತಾಳೆ ಪಾತ್ರೆಗೆ ಕಲಾಯಿ ಹೋದರೆ ಹೇಗೆ, ಹಾಗೆ. ಅದನ್ನು ದೂರದ ಊರಿಗೆ ಸಾಗಿಸಿ ಹೊಸ ಕಲಾಯಿ ಕೊಡಿಸಬೇಕು. ಅದಕ್ಕೆ ಬೇಕಾದ ದುಡ್ಡು ಡಬ್ಬಿಯಲ್ಲೂ ಇಲ್ಲ, ಹಳೇ ಶಿಷ್ಯರು ವರ್ಷಕ್ಕೊಮ್ಮೆ ಕಳಿಸುವುದರಲ್ಲೂ ಇಲ್ಲ.

ಟ್ರಸ್ಟಿನ ಕಾರ್ಯದರ್ಶಿ ಗುರುಶಾಂತಪ್ಪನವರು, ಪೋಸ್ಟ್ ಮಾಸ್ಟರ್ ಕೆಲಸದಿಂದ ನಿವೃತ್ತರಾದವರು. ನಾಲ್ಕೂ ದಿಕ್ಕಿಗೆ ಕಾಗದ ಬರೆದರು. ಒಂದಕ್ಕೂ ಉತ್ತರ ಬರಲಿಲ್ಲ. ಕಾರ್ತಿಕದಲ್ಲಿ ಒಂದು ದಿನ, ಕಾಗದ ಬರೆಯದ ದಿಕ್ಕಿನಿಂದ ಒಂದು ಜೀಪು ಬಂತು.

ಬಂದವನು ಪಾಲಾಕ್ಷಪ್ಪ. ಪಕ್ಕದ ಕಲ್ಲುಗಣಿಯ ಸಾಹುಕಾರ. ಜೀಪು ಹೋಗುವಷ್ಟು ದೂರ ಜೀಪಿನಲ್ಲಿ ಬಂದು, ಉಳಿದದ್ದನ್ನು ಏದುಸಿರು ಬಿಡುತ್ತಾ ಹತ್ತಿದ್ದ. ಅವನ ಪಾಲಿನ ಕೊಡವನ್ನು ಹಿಂದೆ ಡ್ರೈವರು ಹೊತ್ತಿದ್ದ. ಕೂತು ಸುಧಾರಿಸಿಕೊಂಡು, ತನ್ನ ತಾಯಿ ಹೊನ್ನೂರಮ್ಮ ಹೋಗಿ ವರ್ಷವಾಯಿತು ಅಂದ. ಗುಡಿಗೆ ಗಂಟೆ ಕೊಟ್ಟೆ, ಶಾಲೆಗೆ ಬೀರು ಕೊಟ್ಟೆ, ಯಾವುದರಲ್ಲೂ ಸಮಾಧಾನವಿಲ್ಲ ಅಂದ. ಕನ್ನಡಿ ಮಂಕಾದದ್ದು ಕೇಳಿದ್ದೇನೆ, ಅದರ ಖರ್ಚು ಪೂರ್ತಿ ನನ್ನದೇ ಅಂದ. ವಾರಿಜಳಿಗೆ ಎದೆ ಹಗುರಾಯಿತು. ಆಗ ಅವನು ಬ್ಯಾಗಿನಿಂದ ಒಂದು ಕಾಗದ ತೆಗೆದ. ದಪ್ಪ ಕಾಗದ, ಸುತ್ತ ಚಿನ್ನದ ಬಣ್ಣದ ಅಂಚು.

"ಬೆಳ್ಳಿಚುಕ್ಕಿಗೆ ನಮ್ಮವ್ವನ ಹೆಸರಿಡಬೇಕು ಮೇಡಂ. ಬೇರೆ ಚುಕ್ಕಿ ಬೇಡ. ಎಲ್ಲ ಅಚ್ಚು ಹಾಕಿಸಿದ್ದೀನಿ, ನಿಮ್ಮದೊಂದು ಸೈನು, ಚುಕ್ಕಿಮನೆಯದೊಂದು ಸೀಲು, ಅಷ್ಟೇ."

ವಾರಿಜ ಮೆಲ್ಲಗೆ ಹೇಳಿದಳು, ಅದು ಚುಕ್ಕಿಯಲ್ಲ, ನಮ್ಮ ಭೂಮಿಯ ಹಾಗೇ ಒಂದು ಗ್ರಹ, ಶುಕ್ರ. ಅದಕ್ಕೆ ಹೆಸರಿಡುವ ಅಧಿಕಾರ ನನಗಿಲ್ಲ. ಬೇಕಾದರೆ ಒಮ್ಮೆ ದುರ್ಬೀನಿನಲ್ಲಿ ನೋಡಿ ಅಂತಲೂ ಕರೆದಳು. ಅವನಿಗೆ ನೋಡುವುದಕ್ಕೆ ಬಿಡುವಿರಲಿಲ್ಲ. ಯೋಚನೆ ಮಾಡಿ ಅಂತ ಕಾಗದ ಅಲ್ಲೇ ಬಿಟ್ಟು ಇಳಿದುಹೋದ.

ಗುರುಶಾಂತಪ್ಪನವರು ಆ ಕಾಗದವನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡರು.

"ಅಲ್ಲಮ್ಮಾ, ಆಕಾಶ ಬಂದು ಸಾಕ್ಷಿ ಹೇಳುತ್ತಾ? ಮೂವತ್ತು ವರ್ಷ ಮುದ್ರೆ ಒತ್ತಿದವನು ನಾನು. ಒಂದು ಮುದ್ರೆಯಿಂದ ಯಾರ ಮನೆಯೂ ಮುಳುಗಿದ್ದು ಕಾಣೆ. ಅವನಿಗೆ ಸಮಾಧಾನ, ನಿನಗೆ ಕನ್ನಡಿ."

ಸುಳ್ಳು ಯಾಕೆ ಹೇಳಲಿ ಮಕ್ಕಳೇ, ವಾರಿಜಳಿಗೂ ಹಾಗೇ ಅನ್ನಿಸಿತು. ಸೈನು ಹಾಕದಿದ್ದರೆ ಮಾಘ ದಾಟಿಹೋಗುತ್ತೆ, ಮತ್ತೆ ಹನ್ನೊಂದು ವರ್ಷ. ಮೇಷ್ಟ್ರ ಮಾತು ನೋಟ್‌ಬುಕ್ಕಿನಲ್ಲೇ ಉಳಿಯುತ್ತೆ. ಅವನಾದರೂ ಕೆಟ್ಟವನೇ? ತಾಯಿಗಾಗಿ ಮಿಡುಕುವವನು. ನಾಲ್ಕು ದಿನ ಆ ಕಾಗದ ಅವಳ ಮೇಜಿನ ಮೇಲಿತ್ತು. ಐದನೇ ದಿನ ಪೆನ್ನಿನ ಮುಚ್ಚಳ ತೆಗೆದಳು. ಅಷ್ಟರಲ್ಲಿ ಹೊರಗೆ ತೊಟ್ಟಿಗೆ ನೀರು ಸುರಿಯುವ ಸದ್ದಾಯಿತು. ಅದು ಬೆಳದಿಂಗಳ ಪಾಳಿ. ಜನ ಬರಲು ಶುರುವಾಗಿತ್ತು.

ಎಲ್ಲರಿಗಿಂತ ಮುಂದೆ ಸಣ್ಣೀರಮ್ಮ. ಗುಡ್ಡದ ಬುಡದಲ್ಲಿ ಬೇಯಿಸಿದ ಕಡಲೆಕಾಯಿ ಮಾರುವ ಮುದುಕಿ. ತಿಂಗಳಿಗೊಮ್ಮೆ ಕೊಡ ಹೊತ್ತು ಬಂದು ಶನಿಯ ಬಳೆ ನೋಡಿಹೋಗದಿದ್ದರೆ ಅವಳಿಗೆ ನಿದ್ದೆ ಬಾರದು. ಕಣ್ಣಿಟ್ಟು ನೋಡಿದಳು. ಆಮೇಲೆ ತಲೆ ಎತ್ತಿ, "ಏನ್ ತಾಯಿ, ನನ್ ಕಣ್ಣಿಗೆ ಬಂದಂಗೆ ನಿನ್ ಕೊಳವೆಗೂ ಪೊರೆ ಬಂದೈತಾ?" ಅಂದಳು. ಸಾಲಿನಲ್ಲಿ ನಿಂತವರು ನಕ್ಕರು.

ಮೊದಲ ಸಲ ಬಂದವರು ಕೇಳುವ ಮಾತೊಂದಿತ್ತು, ಯಾವಾಗಲೂ ಅದೇ. ಒಳಗೆ ಚಿತ್ರ ಅಂಟಿಸಿದ್ದೀರೋ, ನಿಜವಾಗಿ ಅಲ್ಲಿ ಅದು ಇದೆಯೋ? ಅವತ್ತೂ ಹಿಂದಿದ್ದವನೊಬ್ಬ ಹಾಗೇ ಕೇಳಿದ, ಇಷ್ಟು ಮಸುಕಾಗಿದೆ, ಹಳೇ ಚಿತ್ರ ಇರಬೇಕು ಅಂತ ಸೇರಿಸಿದ. ವಾರಿಜ ಬಾಯಿ ತೆರೆಯುವ ಮುಂಚೆಯೇ ಸಣ್ಣೀರಮ್ಮ ಅವನ ಕಡೆ ತಿರುಗಿದಳು.

"ನನ್ ಕಣ್ಣು ನಂಬಂಗಿಲ್ಲ, ನಿನ್ ಕಣ್ಣೂ ನಂಬಂಗಿಲ್ಲ. ಈಯಮ್ಮ ಐತೆ ಅಂದ್ರೆ ಐತೆ. ಇಷ್ಟು ವರ್ಷದಾಗೆ ಇಲ್ಲದ್ದನ್ನ ಐತೆ ಅಂದೋಳಲ್ಲ."

ಜನವೆಲ್ಲ ನೋಡಿ ಇಳಿದುಹೋದ ಮೇಲೆ ವಾರಿಜ ಒಳಗೆ ಬಂದು ಪೆನ್ನಿಗೆ ಮುಚ್ಚಳ ಹಾಕಿದಳು. ಇವರು ಇಷ್ಟು ಗುಡ್ಡ ಹತ್ತಿ ಬರೋದು ಕನ್ನಡಿ ನಂಬಿ ಅಲ್ಲ, ನನ್ನ ಮಾತು ನಂಬಿ. ಕನ್ನಡಿಗೆ ಕಲಾಯಿ ಹೋದರೆ ಮತ್ತೆ ಹಾಕಿಸಬಹುದು, ಮಾತಿಗೆ ಕಲಾಯಿ ಹೋದರೆ ಯಾವ ಊರಿಗೆ ಕಳಿಸಲಿ ಅಂದುಕೊಂಡಳು.

ಮಾರನೇ ದಿನ ಕಾಗದ ಹಿಂದಕ್ಕೆ ಹೋಯಿತು. ಜೊತೆಗೊಂದು ಚೀಟಿ: ನಿಮ್ಮ ತಾಯಿಯ ಬೆಳ್ಳಿಚುಕ್ಕಿಯನ್ನು ತೋರಿಸಬಲ್ಲೆ, ಮಾರಲಾರೆ, ಅದು ನನ್ನದಲ್ಲ. ಪಾಲಾಕ್ಷಪ್ಪನಿಗೆ ಮುಖಕ್ಕೆ ಹೊಡೆದಂತಾಯಿತು. ಗುರುಶಾಂತಪ್ಪನವರಂತೂ ಒಂದು ವಾರ ವಾರಿಜಳ ಜೊತೆ ಮಾತು ಬಿಟ್ಟರು. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲಿಡುತ್ತಿದ್ದರು, ಅಂಚೆಯವರು ತಾನೇ.

ಸುದ್ದಿ ಗುಡ್ಡ ಇಳಿದು ಕಡಲೆಕಾಯಿ ಬುಟ್ಟಿಯ ಹತ್ತಿರವೂ ಬಂತು. ಸಣ್ಣೀರಮ್ಮ ಹೊನ್ನೂರಮ್ಮನ ಹೆಸರು ಕೇಳಿ, ಅಳೆಯುತ್ತಿದ್ದ ಕಡಲೆಕಾಯಿಯನ್ನು ಬುಟ್ಟಿಗೇ ಸುರಿದಳು. ಪ್ರಾಯದಲ್ಲಿ ಇಬ್ಬರೂ ಒಂದೇ ಬಂಡೆಯ ಮೇಲೆ ಕೂತು ಜಲ್ಲಿ ಒಡೆದವರು. ಮರುದಿನ ಕೊಡ ಹೊತ್ತು ಗುಡ್ಡ ಹತ್ತಿದಳು. ಸೆರಗಿನ ಗಂಟು ಬಿಚ್ಚಿ, ಮಡಚಿದ ನೋಟುಗಳನ್ನು ವಾರಿಜಳ ಕೈಗಿಟ್ಟಳು.

"ಮಠದಾಗೆ ಸತ್ತೋರ ಹೆಸರಲ್ಲಿ ಒಂದು ದಿನದ ದಾಸೋಹ ಮಾಡಿಸ್ತಾರಲ್ಲ ತಾಯಿ, ಹಂಗೆ ಇಲ್ಲಿ ಒಂದು ಸಂಜೆಯ ನೋಟ ಮಾಡಿಸು, ಹೊನ್ನೂರಿ ಹೆಸರಲ್ಲಿ. ಚುಕ್ಕಿ ನಿಂದಲ್ಲ, ಸರಿ. ಸಂಜೆ ನಿಂದೇ ಅಲ್ವಾ?"

ವಾರಿಜ ದಂಗಾಗಿ ಅವಳ ಮುಖ ನೋಡಿದಳು. ಹೌದಲ್ಲ, ಸಂಜೆ ನನ್ನದೇ. ಹಾಗೆ ಸಂಜೆ ಮಾಡಿಸುವವರಿಂದ ಬಂದ ದುಡ್ಡಿನಲ್ಲಿ ಅರ್ಧ ಜನಕ್ಕೆ ತೋರಿಸುವ ಖರ್ಚಿಗೆ, ಅರ್ಧ ಕತ್ತಲ ಪಾಳಿಯ ಶೋಧನೆಗೆ. ಬೆಳದಿಂಗಳೇ ಅಮಾವಾಸ್ಯೆಯನ್ನು ಸಾಕಲಿ. ತೊಟ್ಟಿಯ ಪಕ್ಕ ಒಂದು ಕಪ್ಪು ಹಲಗೆ ನಿಲ್ಲಿಸಿ ಸೀಮೆಸುಣ್ಣದಲ್ಲಿ ಬರೆದಳು: "ಬರುವ ಹುಣ್ಣಿಮೆಯ ಸಂಜೆಯ ನೋಟ, ಜಲ್ಲಿ ಒಡೆಯುತ್ತಿದ್ದ ಹೊನ್ನೂರಮ್ಮನ ಹೆಸರಿನಲ್ಲಿ. ಮಾಡಿಸಿದವರು ಗೆಳತಿ ಸಣ್ಣೀರಮ್ಮ."

ಹಲಗೆಯ ಮಾತು ಗಣಿಗೆ ಹೋಗಲು ಎಷ್ಟು ಹೊತ್ತು? ಹುಣ್ಣಿಮೆಯ ಸಂಜೆ, ಹೊತ್ತು ಮುಳುಗುವ ಸಮಯಕ್ಕೆ ಪಾಲಾಕ್ಷಪ್ಪ ಬಂದ. ಜೀಪನ್ನು ಬುಡದಲ್ಲೇ ಬಿಟ್ಟಿದ್ದ. ಹೆಗಲ ಮೇಲೆ ಕೊಡ, ಅಂಗಿಯೆಲ್ಲ ಒದ್ದೆ. ಹಲಗೆಯ ಮುಂದೆ ನಿಂತು ಎರಡು ಸಲ ಓದಿದ. ಸಣ್ಣೀರಮ್ಮ ಅವನನ್ನು ಮೇಲಿನಿಂದ ಕೆಳಗೆ ನೋಡಿ, "ಅರ್ಧ ನೀರು ಅಂಗಿಗೇ ಕುಡಿಸಿದ್ದೀಯಲ್ಲೋ ಪಾಲಾಕ್ಷಿ. ನಿಮ್ಮವ್ವ ಎರಡು ಕೊಡ ಹೊತ್ರೂ ಹನಿ ಚೆಲ್ತಿರಲಿಲ್ಲ" ಅಂದಳು. ಸಾಹುಕಾರನನ್ನು ಹೆಸರು ಹಿಡಿದು ಕರೆಯುವವರು ಬೇರೆ ಯಾರೂ ಉಳಿದಿರಲಿಲ್ಲ. ಅವನು ಉಳಿದ ನೀರನ್ನು ತೊಟ್ಟಿಗೆ ಸುರಿದು ಹೋಗಿ ಸಾಲಿನ ಕೊನೆಯಲ್ಲಿ ನಿಂತ.

ಅವನ ಸರದಿ ಬಂದಾಗ ವಾರಿಜ ದುರ್ಬೀನನ್ನು ಪಡುವಣಕ್ಕೆ ತಿರುಗಿಸಿದಳು. ಬೆಳಗಿನ ಜಾವ ಕಾಣುವ ಬೆಳ್ಳಿಯೇ ಕೆಲವು ತಿಂಗಳು ಸಂಜೆಯೂ ಕಾಣುತ್ತೆ ಅಂತ ಹೇಳಿ, ನೋಡಿ ಅಂದಳು. ಅವನು ನೋಡಿದ. ದುಂಡನೆಯ ಚುಕ್ಕಿ ಕಾಣುತ್ತೆ ಅಂದುಕೊಂಡಿದ್ದವನಿಗೆ, ಮಸುಕಿನಲ್ಲಿ ಒಂದು ಪುಟ್ಟ ಚಂದ್ರ ಕಂಡ, ಬಿದಿಗೆಯ ಚಂದ್ರನ ಹಾಗೆ ಕೊಯ್ದಿಟ್ಟ ಚೂರು. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

"ಇದು ನಿಜಾನಾ ಮೇಡಂ?"

"ನಿಜ."

"ಬೆಳಗಿನ ಜಾವ ಇದು ಹುಟ್ಟಿದ ತಕ್ಷಣ ಅವ್ವ ನನ್ನ ತೊಡೆ ಮೇಲಿಂದ ಇಳಿಸಿ ಜಲ್ಲಿ ಒಡೆಯೋಕೆ ಹೊರಡೋಳು." ದುರ್ಬೀನಿನಿಂದ ಕಣ್ಣು ತೆಗೆದು ಅಂದ, "ಅವತ್ತು ನೀವು ಸೈನು ಹಾಕಿದ್ದಿದ್ದರೆ, ಇವತ್ತು ನಿಜ ಅಂದದ್ದನ್ನ ನಾನು ನಂಬ್ತಿರಲಿಲ್ಲ."

ಜೇಬಿನಿಂದ ಆ ಚಿನ್ನದ ಅಂಚಿನ ಕಾಗದ ತೆಗೆದು ಮಗುಚಿ ಹಾಕಿದ. ಹಿಂಬದಿ ಬಿಳಿಯಾಗಿತ್ತು. ಇದರ ಮೇಲೆ ಸಂಜೆ ಮಾಡಿಸುವವರ ಹೆಸರು ಬರೆಯಿರಿ ಅಂತ ಕೊಟ್ಟು, ಮೊದಲಿಗೆ ವರ್ಷದ ಹನ್ನೆರಡೂ ಹುಣ್ಣಿಮೆಯ ಸಂಜೆ ತನ್ನದು ಅಂದ. ಸಾಲಿನಲ್ಲಿದ್ದ ಹೋಟೆಲಿನವರು ಒಂದು ಸಂಜೆ ತಮ್ಮ ಅಪ್ಪನದು ಅಂದರು. ಲಾರಿ ಚಾಲಕರು ಸೇರಿ ದಾರಿಯಲ್ಲಿ ಹೋದ ಗೆಳೆಯನದು ಅಂದರು. ಕಾಗದದ ಹಿಂಬದಿ ತುಂಬಿ ಕನ್ನಡಿಯ ದುಡ್ಡು ಕೂಡಲು ಒಂದೂವರೆ ತಿಂಗಳು ಹಿಡಿಯಿತು.

ಆ ಒಂದೂವರೆ ತಿಂಗಳು ಮಾಘಕ್ಕೆ ಉಳಿದಿದ್ದ ದಿನಗಳಿಂದಲೇ ಕಳೆಯಿತು. ಕನ್ನಡಿ ಹುಲ್ಲಿನ ಮೆತ್ತೆ ಹಾಕಿದ ಪೆಟ್ಟಿಗೆಯಲ್ಲಿ ಹೋಗಿ ಕಲಾಯಿ ಹೊತ್ತು ಮರಳುವಷ್ಟರಲ್ಲಿ ನಕ್ಷತ್ರ ಮಂಕಾಗಿ ಒಂಬತ್ತು ದಿನ ಕಳೆದಿತ್ತು. ವಾರಿಜಳಿಗೆ ಸಿಕ್ಕಿದ್ದು ಮೂರೇ ರಾತ್ರಿ, ಅದು ಮತ್ತೆ ಬೆಳಗುತ್ತಾ ಬಂದ ಕೊನೆಯ ಮೂರು ರಾತ್ರಿ. ಮೋಡ ಬರಲಿಲ್ಲ. ಅಡ್ಡ ಬಂದದ್ದು ಇನ್ನೊಂದು ನಕ್ಷತ್ರವಲ್ಲ, ಬಳೆಯಂಥ ಧೂಳಿನ ಮೋಡ ಅಂತ ಅಷ್ಟರಲ್ಲೇ ತಿಳಿಯಿತು. ಅದು ಎಷ್ಟು ದೊಡ್ಡದು ಅನ್ನೋದು ತಿಳಿಯಲಿಲ್ಲ. ಮೇಷ್ಟ್ರ ನೋಟ್‌ಬುಕ್ಕಿನಲ್ಲಿ ಅವರ ಮಾತಿನ ಕೆಳಗೆ ಅವಳು ಬರೆದಳು: "ಅರ್ಧ ನೋಡಿದೆ ಮೇಷ್ಟ್ರೇ. ಉಳಿದರ್ಧ ಮುಂದಿನ ಸಲ."

ಇನ್ನು ಯಾರು ಏನಾದರು ಅಂತ ಕೇಳಿ.

ಗುರುಶಾಂತಪ್ಪನವರು ಚೀಟಿ ಬರೆಯುವುದು ಬಿಟ್ಟು ಹಲಗೆ ಬರೆಯಲು ಹಿಡಿದರು. ಅವರ ಅಂಚೆ ಕಚೇರಿಯ ಮುತ್ತಿನಂಥ ಅಕ್ಷರ ನೋಡುವುದಕ್ಕೇ ಕೆಲವರು ಬರುತ್ತಿದ್ದರು ಅಂತ ಅವರೇ ಹೇಳಿಕೊಂಡರು. ಪಾಲಾಕ್ಷಪ್ಪ ಕತ್ತಲ ಪಾಳಿಯಲ್ಲಿ ಗಣಿಯ ದೊಡ್ಡ ದೀಪಗಳಿಗೆ ತಗಡಿನ ಟೋಪಿ ಹಾಕಿಸಿದ, ಬೆಳಕು ಮೇಲೆ ಹೋಗದ ಹಾಗೆ. ಸಣ್ಣೀರಮ್ಮ ಮತ್ತೂ ಆರು ವರ್ಷ ಗುಡ್ಡ ಹತ್ತಿದಳು. ಕೊಡ ಹೊರಲಾರದಾಗ ತಂಬಿಗೆ ತಂದಳು, ತಂಬಿಗೆಯೂ ಭಾರವಾದಾಗ ಒಂದು ಲೋಟ. ಅವಳು ಹೋದ ಮೇಲೆ ವರ್ಷಕ್ಕೊಂದು ಸಂಜೆ ಅವಳ ಹೆಸರಿನಲ್ಲಿ ನಡೆಯುತ್ತೆ. ಮಾಡಿಸುವವನು ಪಾಲಾಕ್ಷಿ, ಅವತ್ತು ಕೊಡವೂ ಅವನದೇ.

ವಾರಿಜಳ ತಲೆ ನರೆಯಿತು. ಹನ್ನೊಂದು ವರ್ಷ ಕಳೆದು ಆ ನಕ್ಷತ್ರ ಮತ್ತೆ ಮಂಕಾದಾಗ, ಹೊಳೆಯುವ ಕನ್ನಡಿಯ ಮುಂದೆ ಮೊದಲ ರಾತ್ರಿಯಿಂದಲೇ ಕೂತಿದ್ದಳು. ಹನ್ನೆರಡೂ ರಾತ್ರಿ ನೋಡಿದಳು.

ನೀತಿ: ಹತ್ತು ಜನ ಸೇರಿ ನಡೆಸುವ ಕೆಲಸಕ್ಕೆ ನಂಬಿಕೆಯೇ ಬಂಡವಾಳ. ನಿನ್ನದಲ್ಲದ್ದನ್ನು ಮಾರಿ ಅದನ್ನು ಉಳಿಸಲು ಹೋಗಬೇಡ. ನಿನ್ನಲ್ಲಿರುವುದನ್ನು ನಾಲ್ಕು ಜನಕ್ಕೆ ಹಂಚು, ಕೊಡುವ ಕೈ ತಾನಾಗಿ ಗುಡ್ಡ ಹತ್ತಿ ಬರುತ್ತದೆ.