ಇಳಿಯದ ಹಿಡಿಕೆ

“ಅಜ್ಜಾರ, ಬಿಡೂ ಹೊತ್ತು ಬಂದಾಗ ಬಿಟ್ಟರಾತು. ಅಲ್ಲೀತನಕ ಹಿಡಕೊಂಡಿದ್ರ ತಪ್ಪೇನ್ರಿ?” ಎಂದು ಶರಭಯ್ಯ ಗುರುಗಳನ್ನು ಕೇಳಿದ.

ಶರಭಯ್ಯ ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಹನ್ನೆರಡು ವರ್ಷದಿಂದ ಉಗ್ರಾಣದ ಬೀಗದ ಕೈ ಅವನ ಸೊಂಟದಲ್ಲೇ ಇದೆ. ಆ ಬೆಳಿಗ್ಗೆ ಯಾರೋ ಅವನಿಗೆ ಬೀಗದ ಕೈಯ ಮೇಲೆ ಮೋಹ ಎಂದು ಚುಚ್ಚಿ ಮಾತಾಡಿದ್ದರು. ಅವನಿಗೆ ಬಹಳ ನೋವಾಗಿತ್ತು. ನಿನಗೆ ಮೋಹವಿಲ್ಲ ಎಂಬ ಮಾತನ್ನು ಅವನಿಗೆ ಗುರುಗಳ ಬಾಯಿಂದಲೇ ಕೇಳಬೇಕಿತ್ತು.

ಗುರುಗಳು ನಕ್ಕರು. ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಸಾಹುಕಾರನಿಗೆ ಹತ್ತಿ ಗಿರಣಿಯಿತ್ತು. ಒಬ್ಬ ಫಿಟ್ಟರ್ ಅಲ್ಲಿ ಕರೆಂಟಿಗೆ ಬ್ರೇಕರ್ ಕೂಡಿಸಿದ. ಅದರ ಹಿಡಿಕೆಯನ್ನು ಮೇಲಕ್ಕೆ ಒತ್ತಿದರೆ ಕರೆಂಟು ಹರಿಯುತ್ತದೆ, ಒಳಗಿನ ಸ್ಪ್ರಿಂಗೂ ಬಿಗಿಯುತ್ತದೆ. ಆ ಬಿಗಿಯನ್ನು ಹಿಡಿದಿಡುವುದು ಉಗುರಿನಷ್ಟು ಸಣ್ಣ ಕೊಂಡಿ. ಅಪಾಯ ಬಂದರೆ ಕೊಂಡಿ ಜಾರುತ್ತದೆ, ಸ್ಪ್ರಿಂಗು ಸಿಡಿಯುತ್ತದೆ, ಕರೆಂಟು ಕಡಿಯುತ್ತದೆ. ಶುರು ಮಾಡುವ ಕೈಯೇ ನಿಲ್ಲಿಸುವ ಬಲವನ್ನೂ ತುಂಬಿಡುತ್ತದೆ. ವರ್ಷಕ್ಕೊಮ್ಮೆಯಾದರೂ ಪರೀಕ್ಷೆಗೆಂದಿರುವ ಕೆಂಪು ಗುಂಡಿ ಒತ್ತಿ ಅದನ್ನು ಬೀಳಿಸಿ, ಮತ್ತೆ ಏರಿಸಿ ಎಂದು ಫಿಟ್ಟರ್ ಹೇಳಿ ಹೋದ.

ಸಾಹುಕಾರ ಬೀಳಿಸಲಿಲ್ಲ. ಏರಿದ ಹಿಡಿಕೆಯೇ ಗಿರಣಿಯ ಲಕ್ಷ್ಮಿ ಎಂದು ಅವನು ನಂಬಿದ್ದ. ಆಯುಧಪೂಜೆಗೆ ಎಲ್ಲ ಮಷಿನ್ ನಿಲ್ಲಿಸಿದರೂ ಹಿಡಿಕೆ ಮಾತ್ರ ಮೇಲೇ. ಅದಕ್ಕೆ ಗಂಧ ಬಳಿದು, ಕುಂಕುಮ ಮೆತ್ತಿ, ಹಾರ ಹಾಕಿ ಕೈಮುಗಿಯುತ್ತಿದ್ದ. ಎಂಟು ವರ್ಷದಲ್ಲಿ ಒಮ್ಮೆಯೂ ಬಿದ್ದಿಲ್ಲ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ. ಪಾಪ, ಭಕ್ತಿಗೇನೂ ಕೊರತೆಯಿರಲಿಲ್ಲ.

ಒಂಬತ್ತನೆಯ ವರ್ಷ ಫಿಟ್ಟರ್ ಪೂಜೆಯ ಊಟಕ್ಕೆ ಬಂದ. ಹಾರ ಸರಿಸಿ ಕೆಂಪು ಗುಂಡಿಯ ಮೇಲೆ ಬೆರಳಿಟ್ಟ.

“ಹಬ್ಬದ ದಿನ ಲಕ್ಷ್ಮೀನ ಇಳಸ್ತಿಯೇನೋ ಮಾರಾಯಾ!” ಎಂದು ಸಾಹುಕಾರ ಗಾಬರಿಯಾದ.

“ಸಾವಕಾರ್ರ, ಇವತ್ತ ಮಷಿನ್ ನಿಂತಾವ, ಪರೀಕ್ಷಾ ಇವತ್ತ ಆಗಲಿ. ನಾಳೆ ಅವುಗಳ ಮುಂದ ನಿಮ್ಮ ಆಳು ನಿಂತಿರ್ತಾನ್ರಿ.”

ಫಿಟ್ಟರ್ ಗುಂಡಿ ಒತ್ತಿದ. ಒಳಗೆ ಕೊಂಡಿ ಜಾರಿದ ಸದ್ದು ಕೇಳಿಸಿತು. ಹಿಡಿಕೆ ಬೀಳಲಿಲ್ಲ.

ಇಷ್ಟು ವರ್ಷ ಆಳು ಯಾವುದರ ಭರವಸೆಯ ಮೇಲೆ ಆ ಮಷಿನ್ ಮುಂದೆ ನಿಂತಿದ್ದ ಎಂಬುದು ಸಾಹುಕಾರನಿಗೆ ಆಗ ಹೊಳೆಯಿತು. ಫಿಟ್ಟರ್ ಹೊರಗಿನಿಂದಲೇ ಕರೆಂಟು ತೆಗೆಸಿ ಬ್ರೇಕರಿನ ಪೆಟ್ಟಿಗೆ ಬಿಚ್ಚಿದ. ಹಿಡಿಕೆ ತಿರುಗುವ ಜಾಗದಲ್ಲಿ ಎಂಟು ವರ್ಷದ ಹತ್ತಿಯ ಧೂಳು, ಎಂಟು ಪೂಜೆಯ ಗಂಧ ಒಣಗಿ ಕಲ್ಲಾಗಿತ್ತು. ಅವನು ಸ್ಪ್ರಿಂಗನ್ನು ಹೊರತೆಗೆದು ಒತ್ತಿ ಬಿಟ್ಟ. ಅದು ಜಿಗಿದು ಸಾಹುಕಾರನ ಕಾಲ ಬಳಿ ಬಿತ್ತು.

“ಬಲ ಎಲ್ಲೂ ಹೋಗಿಲ್ರಿ. ಬಿಟ್ಟು ರೂಢಿ ಇಲ್ಲ, ಅಷ್ಟ,” ಎಂದ.

ಎಲ್ಲ ಕೆರೆದು, ಒರೆಸಿ, ಎಣ್ಣೆ ಬಿಟ್ಟು ಮತ್ತೆ ಕೂಡಿಸಿದ. ಸಾಹುಕಾರನ ಕೈಯಿಂದಲೇ ಹತ್ತು ಸಲ ಬೀಳಿಸಿದ. ಮೊದಲ ಸಲ ಸಾಹುಕಾರ ಕಣ್ಣು ಮುಚ್ಚಿಕೊಂಡಿದ್ದ. ಹತ್ತನೆಯ ಸಲಕ್ಕೆ ನಗುತ್ತಿದ್ದ.

ಮುಂದಿನ ವಾರ ಒಂದು ವೈರು ಸುಲಿದು ಮಷಿನ್ನಿನ ಮೈಗೆ ತಾಗಿತು. ಆಳು ಹತ್ತಿ ತಳ್ಳಲು ಕೈ ಚಾಚಿದ್ದ. ಕೈ ಮುಟ್ಟುವ ಮೊದಲೇ ಹಿಡಿಕೆ ಟಪ್ಪೆಂದು ಬಿತ್ತು. ಆಳಿಗೆ ಏನೂ ತಿಳಿಯಲಿಲ್ಲ. ಕರೆಂಟಿನವರನ್ನು ಬೈದುಕೊಂಡು ಬೀಡಿ ಸೇದಲು ಹೊರಗೆ ಹೋದ. ಸಾಹುಕಾರ ಬಾಗಿಲಲ್ಲಿ ನಿಂತು ಅವನು ಬೀಡಿ ಸೇದಿ ಮುಗಿಸುವವರೆಗೂ ನೋಡಿದ. ಅಂಥ ಸಂತೋಷ ಅವನಿಗೆ ಹಿಂದೆಂದೂ ಆಗಿರಲಿಲ್ಲ. ಈಗ ಆಯುಧಪೂಜೆಯ ದಿನ ಮೊದಲು ಹಿಡಿಕೆ ಇಳಿಸುತ್ತಾನೆ, ಆಮೇಲೆ ಕರ್ಪೂರ ಹಚ್ಚುತ್ತಾನೆ. ಗಂಧ ಪೆಟ್ಟಿಗೆಯ ಹೊರಗೆ ಒಂದು ಬೊಟ್ಟು, ಅಷ್ಟೇ.

ಶರಭಯ್ಯನಿಗೆ ಕತೆ ಬಹಳ ಹಿಡಿಸಿತು. ಬೆಳಗಿನ ನೋವೂ ಮರೆತುಹೋಯಿತು. “ಫಿಟ್ಟರ್ ಬಾಳ ಶಾಣ್ಯಾ ಬಿಡ್ರಿ ಅಜ್ಜಾರ,” ಎಂದ.

ಗುರುಗಳು ಅಂಗೈ ಚಾಚಿದರು.

“ಹಂಗಾರ ಇವತ್ತೊಂದಿನ ಆ ಬೀಗದ ಕೈ ಇಲ್ಲಿಡು ನೋಡೋಣು, ಶರಭಯ್ಯ.”

ಶರಭಯ್ಯನ ಕೈ ಸೊಂಟಕ್ಕೆ ಹೋಯಿತು, ಅಲ್ಲೇ ನಿಂತಿತು.